ಎಮಿಲ್ ಕುಬಾಟನ ಹನ್ನೆರಡು ಸೆಕೆಂಡು

ಸೋಲುವುದಕ್ಕೂ ಒಬ್ಬ ಮೆಕ್ಯಾನಿಕ್ ಬೇಕು. ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ ಪ್ಲಮ್ ಫೋರ್ಕ್ ಎಂಬ ಊರಿದೆ. ಅಲ್ಲಿ ಆ ಕೆಲಸವನ್ನು ಇಪ್ಪತ್ತಾರು ವರ್ಷ ಒಂದೇ ನಿಷ್ಠೆಯಿಂದ ಮಾಡಿದವನು ಎಮಿಲ್ ಕುಬಾಟ್. ಅವನು ನೋಡಿಕೊಳ್ಳುತ್ತಿದ್ದದ್ದು ಎರಡನೆಯ ಮಹಾಯುದ್ಧದ ಕಾಲದ ಒಂಟಿ ಆಸನದ ಕಾದಾಟದ ವಿಮಾನ. ಅದರ ಮೂತಿಯ ಮೇಲೆ ಬಿಳಿ ಅಕ್ಷರದಲ್ಲಿ ‘ಆಗ್ನೆಸ್’ ಎಂದು ಬರೆದಿತ್ತು. ಬೇಸಿಗೆ ಬಂತೆಂದರೆ ಊರೂರಿನ ವಿಮಾನ ಪ್ರದರ್ಶನಗಳಲ್ಲಿ ಆಗ್ನೆಸ್ ಒಂದು ಲಾರಿಯ ಜೊತೆ ಓಟಕ್ಕೆ ನಿಲ್ಲುತ್ತಿತ್ತು, ಮತ್ತು ಪ್ರತಿ ಸಲವೂ ಸೋಲುತ್ತಿತ್ತು.

ಲಾರಿ ಎಂದರೆ ಸಾಮಾನು ಹೊರುವ ಲಾರಿಯಲ್ಲ. ವರ್ಲಿನ್ ಡಾಕ್ಸ್ ಎಂಬ ಸಡಗರದ ಮನುಷ್ಯ ಹಳೆಯ ಜೆಟ್ ವಿಮಾನದ ಎರಡು ಎಂಜಿನ್ ತಂದು ತನ್ನ ಲಾರಿಯ ಬೆನ್ನಿಗೆ ಕೂರಿಸಿದ್ದ. ಬಾನೆಟ್ಟಿನ ಮೇಲೆ ಎರಡು ಕೊಂಬು ಸಿಕ್ಕಿಸಿ ‘ನರಕದ ಕಡಸು’ ಎಂದು ಹೆಸರಿಟ್ಟಿದ್ದ. ಅದು ಹಿಂದಿನಿಂದ ಮೂವತ್ತು ಅಡಿ ಬೆಂಕಿ ಕಾರುತ್ತ, ಗಂಟೆಗೆ ಮುನ್ನೂರು ಮೈಲಿಗೂ ಮೀರಿ ಓಡಿ, ಕೊನೆಗೆ ಪ್ಯಾರಾಶೂಟ್ ಬಿಚ್ಚಿ ನಿಲ್ಲುತ್ತಿತ್ತು. ಜನ ಬರುತ್ತಿದ್ದದ್ದೇ ಅದಕ್ಕೆ. ಹಾಗಾಗಿ ಓಟವನ್ನು ಮೊದಲೇ ಮಾತಾಡಿಕೊಂಡಿರುತ್ತಿದ್ದರು. ವಿಮಾನ ಹಿಂದಿನಿಂದ ತಗ್ಗಿನಲ್ಲಿ ಹಾರಿಬಂದು, ನಿಂತ ಲಾರಿಯ ನೆತ್ತಿ ದಾಟಿದ ಕ್ಷಣ ಲಾರಿ ಹೊರಡಬೇಕು. ವಿಮಾನದವನು ರನ್‌ವೇ ಪಕ್ಕದ ಕೆಂಪು ಕೊಟ್ಟಿಗೆ ಕಂಡೊಡನೆ ಎಂಜಿನ್ನಿನ ಬಲ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಹಿಡಿಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಎಳೆಯಬೇಕು. ಪ್ರೇಕ್ಷಕರ ಮುಂದೆ ಲಾರಿ ಅದನ್ನು ಹಿಂದೆ ಹಾಕಬೇಕು. ಆಮೇಲೆ ಜನ ಗಂಟಲು ಹರಿಯುವ ಹಾಗೆ ಕೂಗುತ್ತಾರೆ, ಎಲ್ಲರೂ ಬಿಯರ್ ಕುಡಿಯುತ್ತಾರೆ.

ಇದರಲ್ಲಿ ಮೋಸವೇನಿಲ್ಲ, ಆಟ ಅಷ್ಟೆ. ಅದು ಎಮಿಲನಿಗೂ ಗೊತ್ತಿತ್ತು. ಗೊತ್ತಿದ್ದೂ ಅವನ ಹೊಟ್ಟೆ ಉರಿಯುತ್ತಿತ್ತು.

ಉರಿಯದೆ ಏನಾದೀತು? ಆಗ್ನೆಸ್‌ನ ಎಂಜಿನ್ ಕಟ್ಟಿದವನು ಅವನು. ವಿಮಾನದ ಯಜಮಾನ ಹೋಬಾರ್ಟ್ ಕ್ಲೇಬರ್ನ್, ಊರಿನ ಬಾಯಲ್ಲಿ ಹೋಬಿ, ಅದನ್ನು ಯಾರದೋ ಕೊಟ್ಟಿಗೆಯಿಂದ ಎತ್ತಿ ತಂದಾಗ ಎಂಜಿನ್ನಿನೊಳಗೆ ಇಲಿಗಳ ಸಂಸಾರವಿತ್ತು. ಅಲ್ಲಿಯವರೆಗೆ ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನಗಳನ್ನು ರಿಪೇರಿ ಮಾಡಿಕೊಂಡಿದ್ದ ಎಮಿಲ್ ಮೂರು ಚಳಿಗಾಲ ಹ್ಯಾಂಗರಿನಲ್ಲಿ ಕೂತು, ಪ್ರತಿಯೊಂದು ಬೋಲ್ಟನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಆ ಹನ್ನೆರಡು ಸಿಲಿಂಡರಿನ ಎಂಜಿನ್ನಿಗೆ ಜೀವ ಕೊಟ್ಟ. ಹೆಂಡತಿ ಬೊಜೆನಾ ಆ ಮೂರು ವರ್ಷ ದಿನವೂ ಎರಡು ಸಲ ಅಡುಗೆ ಬಿಸಿ ಮಾಡುತ್ತಿದ್ದಳು, ಒಂದು ಸಲ ಅವನು ಬರುತ್ತೇನೆಂದ ಹೊತ್ತಿಗೆ, ಇನ್ನೊಂದು ಸಲ ಅವನು ಬಂದ ಹೊತ್ತಿಗೆ. ಅವಳು ತೀರಿಕೊಂಡು ಏಳು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅರವತ್ತೆಂಟು ವರ್ಷದ ಎಮಿಲನಿಗೆ ಬೆಳಿಗ್ಗೆ ಎದ್ದು ಹೋಗಲು ಇದ್ದ ಜಾಗ ಆ ಹ್ಯಾಂಗರ್ ಒಂದೇ.

ಅವನನ್ನು ಒಳಗೊಳಗೇ ತಿನ್ನುತ್ತಿದ್ದ ಸಂಗತಿ ಇನ್ನೊಂದಿತ್ತು. ಇಂಥ ವಿಮಾನಗಳಲ್ಲಿ ಥ್ರಾಟಲ್ ಹಿಡಿಯ ದಾರಿಗೆ ಅಡ್ಡಲಾಗಿ ಒಂದು ಸಣ್ಣ ತಾಮ್ರದ ತಂತಿ ಕಟ್ಟಿರುತ್ತಾರೆ. ಅದರವರೆಗೆ ದೂಡಿದರೆ ಎಂಜಿನ್ನಿನ ಸಾಮಾನ್ಯ ಬಲ. ಯುದ್ಧದಲ್ಲಿ ಜೀವಕ್ಕೆ ಬಂದಾಗ ಮಾತ್ರ ಪೈಲಟ್ ಹಿಡಿಯನ್ನು ಗುದ್ದಿ ತಂತಿ ಮುರಿದು ಮುಂದಕ್ಕೆ ಹೋಗಬಹುದು. ಆಗ ಎಂಜಿನ್ ತನ್ನಲ್ಲಿರುವುದನ್ನೆಲ್ಲ ಕೊಡುತ್ತದೆ. ಕೆಳಗಿಳಿದ ಮೇಲೆ ಮೆಕ್ಯಾನಿಕ್ ಮುರಿದ ತಂತಿ ನೋಡಿ, ಎಂಜಿನ್ ಬಿಚ್ಚಿ, ಒಳಗೆ ಏನು ಹಾಳಾಗಿದೆ ಎಂದು ಹುಡುಕಬೇಕು. ಎಮಿಲ್ ಪ್ರತಿ ವಸಂತದಲ್ಲೂ ಹೊಸ ತಂತಿ ಕಟ್ಟುತ್ತಿದ್ದ, ಪ್ರತಿ ಶರತ್ಕಾಲದಲ್ಲೂ ಮುರಿಯದೆ ಉಳಿದ ಅದನ್ನು ಹಾಗೇ ಬಿಚ್ಚುತ್ತಿದ್ದ. ತಾನು ಕಟ್ಟಿದ ಎಂಜಿನ್ನಿಗೆ ನಿಜವಾಗಿ ಎಷ್ಟು ಶಕ್ತಿ ಇದೆ, ಆ ಕೊಂಬಿನ ಲಾರಿಯನ್ನು ಅದು ನ್ಯಾಯವಾಗಿ ಸೋಲಿಸಬಲ್ಲದೇ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಆ ವರ್ಷದ ಜೂನ್‌ನಲ್ಲಿ ಹೋಬಿಯ ಬಲಗಣ್ಣು ಮಂಜಾಯಿತು. ಇನ್ನು ಹಾರಲು ಯೋಗ್ಯನೆಂಬ ಪತ್ರಕ್ಕೆ ಸಹಿ ಹಾಕಿಕೊಡುವುದಿಲ್ಲವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಹಳೆಯ ಸಹಿ ಆಗಸ್ಟ್ ಕೊನೆಯವರೆಗೆ ನಡೆಯುತ್ತಿತ್ತು. ಅಷ್ಟರೊಳಗೆ ಪ್ಲಮ್ ಫೋರ್ಕಿನ ಪ್ರದರ್ಶನ ಒಂದನ್ನು ಮುಗಿಸಿ ಆಗ್ನೆಸ್‌ಳನ್ನು ಕೈಬಿಡುವುದೆಂದು ಎಪ್ಪತ್ತಾರರ ಹೋಬಿ ನಿರ್ಧರಿಸಿದ.

ಅದನ್ನು ಕೊಳ್ಳಲು ಕೇಳಿಕೊಂಡು ಬಂದವರು ಇಬ್ಬರು. ಒಂದು, ಪಕ್ಕದ ರಾಜ್ಯದ ವಸ್ತುಸಂಗ್ರಹಾಲಯ. ಅವರು ಎಂಜಿನ್ನಿನ ಎಣ್ಣೆಯನ್ನೆಲ್ಲ ಬಸಿದು, ಉಕ್ಕಿನ ಹಗ್ಗ ಕಟ್ಟಿ, ಸೂರಿಗೆ ನೇತುಹಾಕುತ್ತಾರೆ. ಇನ್ನೊಬ್ಬಳು ಮಿನ್ನೆಸೋಟಾದ ಇಂಗ್ರಿಡ್ ಸೋಲ್ಬರ್ಗ್, ಸ್ವತಃ ಪೈಲಟ್, ನಲವತ್ತರ ಆಚೀಚೆ. ಅವಳು ಹಾರಿಸುವುದಕ್ಕೇ ಕೇಳಿದ್ದಳು. ಎಮಿಲ್ ತಿಂಗಳಿಗೊಮ್ಮೆ ಬಂದು ಎಂಜಿನ್ ನೋಡಿಕೊಳ್ಳಬೇಕು, ಹ್ಯಾಂಗರಿನ ಪಕ್ಕದಲ್ಲೇ ಕೋಣೆ ಕೊಡುತ್ತೇನೆ ಎಂದಿದ್ದಳು. ಅವಳ ಷರತ್ತು ಒಂದೇ. ಪ್ರದರ್ಶನ ಮುಗಿದ ಮೇಲೆ ಎಂಜಿನ್ನಿನ ಆಯಿಲ್ ಜಾಲರಿಯನ್ನು ತನ್ನೆದುರು ಬಿಚ್ಚಬೇಕು, ಅದರಲ್ಲಿ ಲೋಹದ ಚೂರು ಇರಬಾರದು. ಜಾಲರಿಯಲ್ಲಿ ಚೂರು ಬಂತೆಂದರೆ ಒಳಗೆ ಬೇರಿಂಗ್ ಸವೆದು ಉದುರುತ್ತಿದೆ ಎಂದರ್ಥ. ಆ ಎಂಜಿನ್ನಿನ ಬೇರಿಂಗ್ ಈಗ ಯಾರೂ ಮಾಡುವುದಿಲ್ಲ. ಎಮಿಲ್ ಕೂಡಿಟ್ಟಿದ್ದ ಕೊನೆಯ ಜೊತೆ ಆರು ವರ್ಷದ ಹಿಂದೆಯೇ ಒಳಗೆ ಹೋಗಿ ಕೂತಿತ್ತು.

ಎಮಿಲ್ ನಿಶ್ಚಿಂತೆಯಾಗಿದ್ದ. ಇಪ್ಪತ್ತಾರು ವರ್ಷದಲ್ಲಿ ಆ ಜಾಲರಿಯಲ್ಲಿ ಅವನು ಒಂದು ಚೂರೂ ಕಂಡಿರಲಿಲ್ಲ.

ಪ್ರದರ್ಶನದ ಶನಿವಾರ ಬೆಳಿಗ್ಗೆ ಚರ್ಚಿನ ಹೆಂಗಸರು ರನ್‌ವೇ ಬೇಲಿಯ ಪಕ್ಕ ಮೇಜು ಹಾಕಿ ಕೊಲಾಚಿ ಮಾರುತ್ತಿದ್ದರು. ಗಸಗಸೆ ತುಂಬಿದ ಆ ಬನ್ನು ಎರಡಿಲ್ಲದೆ ಎಮಿಲನ ಪ್ರದರ್ಶನ ಶುರುವಾಗುತ್ತಿರಲಿಲ್ಲ. ಮೇಜಿನ ಹಿಂದೆ ನಿಂತಿದ್ದ ರೋಸಾ ಹಾವ್ಲಿಕ್ ಬೊಜೆನಾಳ ಗೆಳತಿ, ಬಾಯಿ ಜೋರು.

“ಬಂದ್ಯಾ? ತಗೋ, ಬಿಸಿ ಇದೆ. ಇವತ್ತೂ ಸೋಲೋಕೇ ತಾನೇ ತಿಂತಿರೋದು?”

“ಕೊನೇ ಸಲ ರೋಸಾ.”

“ಅಯ್ಯೋ, ಕೊನೇ ಸಲಾನಾದ್ರೂ ಗೆಲ್ಲಬಾರ್ದೇನೋ! ನಾನು ಮುದುಕಿ ಆಗೋವರ್ಗೂ ನೋಡ್ದೆ, ಆ ಕೊಂಬಿನ ಲಾರಿ ಮುಂದೆ ನಿನ್ನ ವಿಮಾನ ಬಾಲ ಮುದುರ್ಕೊಂಡು ಹೋಗೋದೇ ಆಯ್ತು. ಬೊಜೆನಾ ಅನ್ನೋಳು, ‘ನನ್ನ ಗಂಡ ಮೂರು ಚಳಿಗಾಲ ಮಾಡಿದ್ದು ಸೋಲೋ ಯಂತ್ರಾನ’ ಅಂತ.”

“ಅವ್ಳು ಹಾಗಂತಿದ್ಲಾ?”

“ನಗ್ತಾ ಅಂತಿದ್ಲಪ್ಪಾ, ಮುಖ ಯಾಕೆ ಹಾಗ್ ಮಾಡ್ತೀಯ? ಇನ್ನೊಂದು ತಗೋ.”

ರೋಸಾಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಾಯಿಗೆ ಬಂದದ್ದು ಆಡಿದಳು, ಮುಂದಿನ ಗಿರಾಕಿಯ ಕಡೆ ತಿರುಗಿದಳು. ಆದರೆ ಆ ಮಾತು ಎಮಿಲನ ತಲೆಯೊಳಗೆ ಹೊಕ್ಕು ಕೂತಿತು. ಇನ್ನೊಂದು ಕೊಲಾಚಿ ಅವನಿಗೆ ಸೇರಲಿಲ್ಲ.

ಮೂರು ಗಂಟೆಗೆ ಓಟ. ಎರಡೂ ಮುಕ್ಕಾಲಿಗೆ ಹೋಬಿ ವಿಮಾನದೊಳಗೆ ಕೂತ. ಎಮಿಲ್ ರೆಕ್ಕೆಯ ಮೇಲೆ ಮಂಡಿಯೂರಿ ಅವನ ಭುಜದ ಪಟ್ಟಿಗಳನ್ನು ಬಿಗಿದ.

“ಸರಿ ಮಾರಾಯ. ಇನ್ನೊಂದೇ ಸಲ ಸೋತು ಬಂದ್ಬಿಡ್ತೀನಿ,” ಎಂದ ಹೋಬಿ. “ಆ ಕೆಂಪು ಕೊಟ್ಟಿಗೆ ಕಂಡ್ರೆ ಸಾಕು, ನನ್ನ ಕೈ ತಾನೇ ಹಿಂದಕ್ಕೆ ಬರತ್ತೆ. ಕನಸಲ್ಲೂ ಎಳೀತೀನಿ, ಗೊತ್ತಾ?”

ಎಮಿಲ್ ಪಟ್ಟಿ ಬಿಗಿಯುವುದನ್ನು ನಿಲ್ಲಿಸಿದ. ಆಮೇಲೆ ಅವನು ಎಷ್ಟೋ ಸಲ ನೆನಪು ಮಾಡಿಕೊಂಡು ನೋಡಿದ. ಆ ಮಾತು ತನ್ನ ಬಾಯಿಂದ ಬರುವ ಮೊದಲು ಯೋಚಿಸಿದ್ದೆನೇ? ಇಲ್ಲ. ಯೋಚಿಸಿದ್ದರೆ ಅವನಂಥ ಮನುಷ್ಯ ಅದನ್ನು ಆಡುತ್ತಿರಲಿಲ್ಲ.

“ಇವತ್ತು ಎಳೀಬೇಡ,” ಎಂದ ಎಮಿಲ್. “ತಂತಿ ಮುರಿ.”

ಹೋಬಿ ಅವನನ್ನೇ ನೋಡಿದ. “ತಲೆ ಕೆಟ್ಟಿದ್ಯೇನೋ? ಆ ಹೆಂಗಸು ಸಂಜೆ ಜಾಲರಿ ನೋಡ್ತಾಳೆ.”

“ನೋಡ್ಲಿ. ಓಟ ಹನ್ನೆರಡು ಸೆಕೆಂಡು ಅಷ್ಟೇ. ತಡ್ಕೊಳ್ಳತ್ತೆ.”

“ನಿಂಗೆ ಹೇಗೆ ಗೊತ್ತು?”

“ನಾನು ಕಟ್ಟಿದ್ದು ಕಣೋ ಅದು.”

ಹೋಬಿಯ ಮುಖ ನಿಧಾನವಾಗಿ ಅರಳಿತು. ಮೂವತ್ತು ವರ್ಷ ಚಿಕ್ಕವನಾದವನ ಹಾಗೆ ಕಂಡ. “ವರ್ಲಿನ್ನಿನ ಮುಖ ನೋಡ್ಬೇಕು ಆಗ!” ಎಂದು ನಕ್ಕು ಗಾಜಿನ ಮುಚ್ಚಳ ಎಳೆದುಕೊಂಡ.

ಎಮಿಲನಿಗೆ ಗೊತ್ತಿಲ್ಲದ್ದೇನಿರಲಿಲ್ಲ, ಅದೇ ಸಂಕಟ. ಆ ತಂತಿಯಾಚೆಯ ಬಲವನ್ನು ಲೆಕ್ಕ ಹಾಕಿದ್ದು ಯುದ್ಧಕಾಲದ ಪೆಟ್ರೋಲಿಗೆ. ಅಂಥ ಪೆಟ್ರೋಲ್ ಈಗ ಪಂಪುಗಳಲ್ಲಿಲ್ಲ, ಈಗಿನದು ತೆಳು, ಒತ್ತಡ ತಡೆಯುವ ಗುಣ ಕಡಿಮೆ. ತೆಳು ಪೆಟ್ರೋಲಿನಲ್ಲಿ ಅಷ್ಟು ಬಲ ಕೇಳಿದರೆ ಸಿಲಿಂಡರಿನೊಳಗೆ ಅದು ಉರಿಯುವ ಬದಲು ಸಿಡಿಯುತ್ತದೆ, ಸಿಡಿದರೆ ಏಟು ಬೀಳುವುದು ಬೇರಿಂಗಿಗೆ. ಊರಿನ ಎಳೆಯ ಮೆಕ್ಯಾನಿಕ್‌ಗಳಿಗೆ ಈ ಪಾಠ ಹೇಳಿಕೊಟ್ಟವನೇ ಅವನು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರ ಏಳು ತಲೆಮಾರು ಜಾಲಾಡುತ್ತಿದ್ದ. ತನ್ನ ಕೈಯ ಕೆಲಸಕ್ಕೆ ಮಾತ್ರ ಆ ನಿಯಮ ಸ್ವಲ್ಪ ಸಡಿಲವಾದೀತು ಎಂದು ನಂಬಿದ. ಕೈ ಪಳಗಿದವರೆಲ್ಲ ಒಂದಲ್ಲ ಒಂದು ದಿನ ಇದನ್ನೇ ನಂಬುತ್ತಾರೆ.

ರನ್‌ವೇಯ ಆ ತುದಿಯಲ್ಲಿ ನರಕದ ಕಡಸು ಬೆಂಕಿ ಉಗುಳಿ, ಹೊಗೆ ಎಬ್ಬಿಸಿ, ಜನರನ್ನು ಕುಣಿಸುತ್ತಿತ್ತು. ಹೊಗೆಯಲ್ಲಿ ಲಾರಿಯ ಕೊಂಬು ಕೂಡ ಕಾಣುತ್ತಿರಲಿಲ್ಲ. ಆ ಹೊಗೆಯ ಮೇಲಿಂದ ಆಗ್ನೆಸ್ ಬಂತು. ಹ್ಯಾಂಗರಿನ ಮುಂದೆ ನಿಂತ ಎಮಿಲ್ ಅದನ್ನು ಕಣ್ಣಿಗಿಂತ ಮೊದಲು ಕಿವಿಯಲ್ಲಿ ಹಿಡಿದ. ಲಾರಿಯ ನೆತ್ತಿ ದಾಟುತ್ತಲೇ ಎಂಜಿನ್ನಿನ ದನಿ ಬದಲಾಯಿತು. ಅವನು ಯಾವತ್ತೂ ಕೇಳಿರದ ದನಿ ಅದು, ಕರ್ಕಶವಾಗಿ, ಎದೆಗೂಡಿಗೇ ಬಂದು ಬಡಿಯುವಂಥದ್ದು. ಹೋಬಿ ತಂತಿ ಮುರಿದಿದ್ದ. ಕೆಂಪು ಕೊಟ್ಟಿಗೆ ಬಂತು, ಹೋಯಿತು, ದನಿ ಇಳಿಯಲಿಲ್ಲ. ಹಿಂದೆ ಲಾರಿ ಬೆಂಕಿಯ ಬಾಲ ಎಳೆದುಕೊಂಡು ಅಟ್ಟಿಸಿಕೊಂಡು ಬಂತು. ಹತ್ತಿರ ಬಂತು. ಆದರೆ ಸಿಗಲಿಲ್ಲ. ಪ್ರೇಕ್ಷಕರ ಮುಂದೆ ಆಗ್ನೆಸ್ ಪೂರಾ ನೂರು ಗಜ ಮುಂದಿತ್ತು.

ಮೈಕಿನವನು ತನ್ನ ಚೀಟಿಯನ್ನು ತಿರುವಿ ನೋಡಿದ. ಅದರಲ್ಲಿ ಲಾರಿ ಗೆದ್ದಿತ್ತು. ಆಮೇಲೆ ಇಡೀ ಮೈದಾನ ಎದ್ದು ನಿಂತಿತು. ರೋಸಾ ಮೇಜಿನ ಹಿಂದೆ ಏಪ್ರನ್ ಬೀಸುತ್ತಿದ್ದಳು. ಎಮಿಲ್ ಅಲ್ಲೇ ನಿಂತು, ಯಾರಿಗೂ ಕಾಣದ ಹಾಗೆ, ಗಳಗಳ ಅತ್ತುಬಿಟ್ಟ. ನೂರು ಗಜ! ಮೂಗಿನ ತುದಿಯಷ್ಟು ಅಂತರ ಸಿಕ್ಕಿದ್ದರೂ ಅವನು ಧನ್ಯನೆಂದುಕೊಳ್ಳುತ್ತಿದ್ದ.

ಆ ಸಂತೋಷ ಎಷ್ಟು ಹೊತ್ತು ಇತ್ತು ಎಂದು ಕೇಳಿದರೆ, ವಿಮಾನ ಒಂದು ಸುತ್ತು ಹಾಕಿ ಇಳಿದು ಹ್ಯಾಂಗರಿನ ಕಡೆ ಉರುಳಿ ಬರುವಷ್ಟು ಹೊತ್ತು. ನಲವತ್ತು ಗಜ ದೂರವಿರುವಾಗಲೇ ಅವನ ಕಿವಿಗೆ ಬಿತ್ತು. ತಗ್ಗಿದ ಎಂಜಿನ್ನಿನ ಗುಡುಗುಡು ಕೆಳಗೆ ಸಣ್ಣದೊಂದು ಟಕ್, ಟಕ್. ಬೇರೆ ಯಾರಿಗೂ ಅದು ಕೇಳುವಂತಿರಲಿಲ್ಲ. ಅದು ಬೇರಿಂಗಿನ ಸದ್ದೆಂದು ಎಮಿಲನಿಗೆ ಗೊತ್ತಾಯಿತು.

ಹೋಬಿಯನ್ನು ಜನ ಹೊತ್ತುಕೊಂಡೇ ಹೋದರು. ಎಮಿಲ್ ವಿಮಾನವನ್ನು ಹ್ಯಾಂಗರಿನೊಳಗೆ ತಳ್ಳಿಸಿ, ಎಲ್ಲರನ್ನೂ ಕಳಿಸಿ, ಎಂಜಿನ್ ಆರುವುದನ್ನು ಕಾಯುತ್ತ ಡಬ್ಬಿಯೊಂದನ್ನು ಬೋರಲು ಹಾಕಿ ಕೂತ. ಅಷ್ಟರಲ್ಲಿ ವರ್ಲಿನ್ ಡಾಕ್ಸ್ ಎರಡು ಬಿಯರ್ ಬಾಟಲಿ ಹಿಡಿದು, ಮಸಿ ಮುಖದಲ್ಲಿ ಹಲ್ಲು ಬಿಟ್ಟುಕೊಂಡು ಬಂದ.

“ಏನಪ್ಪಾ ಎಮಿಲ್! ಹೆಂಗಿತ್ತು ನಮ್ಮ ಉಡುಗೊರೆ?”

“ಯಾವ ಉಡುಗೊರೆ?”

“ಅಯ್ಯೋ ಇವನ! ಗೊತ್ತಾಗ್ಲಿಲ್ವಾ? ವಿಮಾನ ನೆತ್ತಿ ದಾಟಿದ್ಮೇಲೆ ನಾನು ಎರಡು ಎಣಿಸಿ ಹೊರಟಿದ್ದು ಕಣೋ. ಒಂದು... ಎರಡು... ಆಮೇಲೆ ಬೆಂಕಿ. ಮಧ್ಯದಲ್ಲಿ ಆಕ್ಸಿಲರೇಟರಿಂದ ಕಾಲೂ ಎತ್ತಿದೆ. ಹೊಗೆ ಜಾಸ್ತಿ ಬಿಡ್ರೋ, ಯಾರಿಗೂ ಕಾಣಬಾರ್ದು ಅಂತ ನಮ್ಮವ್ರಿಗೆ ಬೆಳಿಗ್ಗೇನೇ ಹೇಳಿದ್ದೆ. ಹೋಬಿಯ ಕೊನೇ ಓಟ, ನಿನ್ನ ಯಂತ್ರದ್ದು, ಒಂದ್ಸಲ ಗೆದ್ದು ಹೋಗ್ಲಿ ಅಂತ. ಲೆಕ್ಕ ಹಾಕಿದ್ವಿ ಮಾರಾಯ. ಹೋಬಿ ಎಂದಿನ ಹಾಗೆ ಕೊಟ್ಟಿಗೆ ಹತ್ರ ಹಿಡಿ ಎಳೆದ್ರೂ ಅವನೇ ಮುಂದೆ ಇರ್ಬೇಕು ಹಾಗೆ. ಆದ್ರೆ ಮುದುಕ ನೂರು ಗಜ ಹೋಗ್ಬಿಟ್ನಲ್ಲ! ಎಳೆಯೋದೇ ಮರೆತ್ನೇನೋ.”

ಎಮಿಲನ ಕೈಗೆ ಬಾಟಲಿ ಬಂದಿತ್ತು. ಅದನ್ನು ಹಿಡಿದುಕೊಂಡು ಕೂತಿದ್ದ. ಏನೂ ಮಾಡದಿದ್ದರೂ ಗೆಲ್ಲುತ್ತಿದ್ದರು. ಹೋಬಿ ಕನಸಿನಲ್ಲಿ ಎಳೆಯುವ ಹಾಗೆ ಎಳೆದಿದ್ದರೂ ಗೆಲ್ಲುತ್ತಿದ್ದರು.

“ಹೋಬಿಗೆ ಇದನ್ನ ಹೇಳ್ಬೇಡ,” ಎಂದ ಕೊನೆಗೆ.

“ಹೇಳ್ದೆ ಇದ್ರೆ ಮಜಾ ಏನು?”

“ಹೇಳ್ಬೇಡ ವರ್ಲಿನ್. ಅವನು ತಾನೇ ಗೆದ್ದೆ ಅಂದ್ಕೊಂಡಿದಾನೆ.”

ವರ್ಲಿನ್ ಅವನ ಮುಖ ನೋಡಿದ. ಏನೋ ಸರಿಯಿಲ್ಲ ಎಂದು ಅವನಿಗೂ ಅನ್ನಿಸಿರಬೇಕು. “ಆಯ್ತು ಬಿಡಪ್ಪ. ನಮ್ಮವ್ರ ಬಾಯಿಗೂ ಬೀಗ ಹಾಕಿಸ್ತೀನಿ,” ಎಂದು ಅವನ ಬೆನ್ನು ತಟ್ಟಿ ಹೋದ. ಪಾಪ, ಪ್ರೀತಿಯಿಂದ ಮಾಡಿದ್ದ.

ಎಂಜಿನ್ ಮುಟ್ಟುವಷ್ಟು ಆರಿದಾಗ ಎಮಿಲ್ ಜಾಲರಿ ಬಿಚ್ಚಿದ. ನೋಡುವ ಅಗತ್ಯವೇ ಇರಲಿಲ್ಲ, ಆದರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಜಾಲರಿಯ ತುಂಬ ಬೆಳ್ಳಿ ಬಣ್ಣದ ಚೂರುಗಳು. ಬೆರಳಿನಿಂದ ಉಜ್ಜಿದರೆ ಚರ್ಮಕ್ಕೆ ಅಂಟಿಕೊಂಡು ಮಿನುಗಿದವು. ತನ್ನ ಕೊನೆಯ ಜೊತೆ ಬೇರಿಂಗ್ ಹೀಗೆ ಅಂಗೈಗೆ ಬಂದಿತ್ತು.

ಮೇಜಿನ ಕೆಳಗೆ ಪೆಟ್ರೋಲಿನ ತಟ್ಟೆಯಿತ್ತು. ಅದರಲ್ಲಿ ಜಾಲರಿಯನ್ನು ನಾಲ್ಕು ಸಲ ಅದ್ದಿ ತೆಗೆದರೆ ಕನ್ನಡಿಯಾಗುತ್ತದೆ. ಮತ್ತೆ ಕೂರಿಸಿ, ಇಂಗ್ರಿಡ್ ಬಂದಾಗ ಅವಳೆದುರೇ ಬಿಚ್ಚಿದರೆ ಅವಳಿಗೆ ಕಾಣುವುದು ಶುದ್ಧ ಎಣ್ಣೆ. ಆಗ್ನೆಸ್ ಮಿನ್ನೆಸೋಟಾಕ್ಕೆ ಹೋಗುತ್ತದೆ, ತಿಂಗಳಿಗೊಮ್ಮೆ ತಾನೂ ಹೋಗುತ್ತೇನೆ. ಎಮಿಲ್ ಜಾಲರಿಯನ್ನು ತಟ್ಟೆಯ ಮೇಲೆ ಹಿಡಿದ. ಪೆಟ್ರೋಲಿನ ವಾಸನೆ ಮೂಗಿಗೆ ಬರುವಷ್ಟು ಕೆಳಗೆ ಇಳಿಸಿದ. ಹತ್ತು ಗಂಟೆಯ ಹಾರಾಟವೋ ಹದಿನೈದೋ, ಒಂದು ದಿನ ಆ ಎಂಜಿನ್ ಬಿಗಿದು ನಿಲ್ಲುತ್ತದೆ, ಕೆಳಗೆ ಅವಳ ಊರಿನ ಕೆರೆಗಳಿರುತ್ತವೆ, ಒಳಗೆ ಅವಳೊಬ್ಬಳೇ ಇರುತ್ತಾಳೆ. ಅವನು ಜಾಲರಿಯನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ಕೈ ಒರೆಸಿಕೊಂಡ.

ಐದು ಗಂಟೆಗೆ ಇಂಗ್ರಿಡ್ ಬಂದಳು. ಹೋಬಿ ಅವಳ ಹಿಂದೆ, ಕತ್ತಿನಲ್ಲಿ ಯಾರೋ ಹಾಕಿದ ಕಾಗದದ ಹಾರದೊಂದಿಗೆ. ಅವಳು ಬಟ್ಟೆಯ ಮೇಲಿದ್ದದ್ದನ್ನು ನೋಡಿದಳು, ಬಾಗಿದಳು, ಮುಟ್ಟಲಿಲ್ಲ.

“ಕುಬಾಟ್ ಅವರೇ, ಇದು ಇವತ್ತಿನದಾ?”

“ಇವತ್ತಿನದೇ. ನಾನೇ ತಂತಿ ಮುರಿಯೋಕೆ ಹೇಳಿದ್ದು. ತಪ್ಪು ನಂದು, ಅವನದಲ್ಲ.”

“ಗೊತ್ತಿದ್ದೂ ಹೇಳಿದ್ರಾ?”

“ಗೊತ್ತಿದ್ದೂ ಹೇಳಿದೆ.”

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ತೊಳೆದು ಇಡಬಹುದಿತ್ತು ನೀವು. ಇಡಲಿಲ್ಲವಲ್ಲ, ಅದಕ್ಕೆ ಥ್ಯಾಂಕ್ಸ್,” ಎಂದಳು. ಬೇರಿಂಗ್ ಎಲ್ಲಾದರೂ ಸಿಗಬಹುದೇ ಎಂದು ಕೇಳಿದಳು. ಇಲ್ಲ ಎಂದ. ಅವಳು ರೆಕ್ಕೆಯನ್ನು ಒಂದು ಸಲ ಸವರಿ, ಇಬ್ಬರ ಕೈಯನ್ನೂ ಕುಲುಕಿ, ಸಂಜೆ ಬಿಸಿಲಿನಲ್ಲಿ ತನ್ನ ಕಾರಿನ ಕಡೆ ನಡೆದಳು. ವಸ್ತುಸಂಗ್ರಹಾಲಯದವರಿಗೆ ಎಂಜಿನ್ ಸತ್ತಿದ್ದರೂ ಅಡ್ಡಿಯಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹೊರಗಿನ ಮೈ.

ಹೋಬಿ ಡಬ್ಬಿಯ ಮೇಲೆ ಕೂತ. ಕಾಗದದ ಹಾರವನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡ.

“ನಾನು ಒಂದೆರಡು ಸೆಕೆಂಡು ಜಾಸ್ತಿ ಹಿಡಿದ್ನೇನೋ,” ಎಂದ ಹೋಬಿ.

“ಇಲ್ಲ. ನೀನು ಸರಿಯಾಗೇ ಹಿಡಿದೆ.”

“ಬೇಜಾರು ಮಾಡ್ಕೋಬೇಡ ಕಣೋ. ನನ್ನ ಮೇಲಿನ ಪ್ರೀತಿಗೆ ಹೇಳಿದೆ ನೀನು.” ಹೋಬಿ ಮಂಜುಗಣ್ಣನ್ನು ಒರೆಸಿಕೊಂಡು ಆಗ್ನೆಸ್‌ಳನ್ನು ನೋಡಿದ. “ಇನ್ನು ಅವಳನ್ನ ಸೂರಿಗೆ ನೇತುಹಾಕ್ಲಿ ಬಿಡು. ಒಂದು ಮಾತ್ರ ಯಾರೂ ನಮ್ಮಿಂದ ಕಿತ್ಕೊಳ್ಳೋಕಾಗಲ್ಲ. ವರ್ಲಿನ್ ಬಿಟ್ಟುಕೊಡೋ ಜಾತಿಯವನಲ್ಲ. ಆ ಲಾರೀನ ನ್ಯಾಯವಾಗಿ ನೂರು ಗಜ ಹಿಂದೆ ಹಾಕಿದ್ವಿ. ಇಷ್ಟು ವರ್ಷ ನಿನ್ನ ಹೊಟ್ಟೇಲಿ ಏನಿತ್ತು ಅಂತ ನಂಗೆ ಗೊತ್ತಿಲ್ವಾ? ಈಗಲಾದ್ರೂ ಗೊತ್ತಾಯ್ತಲ್ಲ ನಿಂಗೆ, ನಿನ್ನ ಯಂತ್ರ ಎಂಥದ್ದು ಅಂತ.”

ಎರಡು ಎಣಿಕೆ ತಡವಾಗಿ ಹೊರಟ ಲಾರಿ, ಮಧ್ಯದಲ್ಲಿ ಎತ್ತಿದ ಕಾಲು. ಯಾವ ಲೆಕ್ಕ ಹಾಕಿದರೂ ಇನ್ನು ಅದು ಗೊತ್ತಾಗುವಂತಿರಲಿಲ್ಲ, ಮತ್ತೊಮ್ಮೆ ಓಡಿಸಿ ನೋಡಲು ಎಂಜಿನ್ನೂ ಇರಲಿಲ್ಲ.

“ಗೊತ್ತಾಯ್ತು,” ಎಂದ ಎಮಿಲ್.